ಹಳೆಯ ಇಂಗ್ಲಿಷ್ ಪತ್ತೇದಾರಿ ಕಾದಂಬರಿ: ಎಷ್ಟು ತಾಸು ಬೇಕು, ಎಲ್ಲಿ ತೊಡಕು

ಪುಟ ಎಣಿಸಿ ಓದಿನ ಸಮಯ ಅಂದಾಜು ಮಾಡಬೇಡಿ. ಅಚ್ಚು ದೊಡ್ಡದಾದರೆ ಪುಟ ಹೆಚ್ಚುತ್ತದೆ, ಕಥೆ ಅಷ್ಟೇ ಇರುತ್ತದೆ. ಪದಗಳ ಲೆಕ್ಕ ಹಿಡಿಯಿರಿ.

ಮೊದಲು ನಿಮ್ಮ ವೇಗ ತಿಳಿಯಬೇಕು. ಹತ್ತು ಸಾಲಿನಲ್ಲಿ 100 ಪದ, ಪುಟಕ್ಕೆ 30 ಸಾಲು ಇದ್ದರೆ 300 ಪದವಾಯಿತು. ಸಂಭಾಷಣೆಯ ಅರ್ಧ ಸಾಲುಗಳನ್ನು ಕಳೆದು 275 ಎನ್ನೋಣ. ಮೊಬೈಲಿನಲ್ಲಿ 10 ನಿಮಿಷದ ಟೈಮರ್ ಇಟ್ಟು ಓದಿ. ನಾಲ್ಕು ಪುಟ ಮುಗಿದರೆ ನಿಮಿಷಕ್ಕೆ 110 ಪದ. ಕನ್ನಡ ಮಾಧ್ಯಮದಲ್ಲಿ ಕಲಿತು ಬಂದವರು ಇಂಗ್ಲಿಷ್ ಓದುವಾಗ ಇದು ನಾಚಿಕೆಪಡುವ ವೇಗವೇನಲ್ಲ. ಅಳೆಯುವುದು ಮಾತ್ರ ಮೂರನೇ ಅಧ್ಯಾಯದಲ್ಲಿರಲಿ. ಮೊದಲ ಪುಟಗಳಲ್ಲಿ ಹೆಸರು, ಊರು ಎಲ್ಲ ಹೊಸವು, ಓದು ಕುಂಟುತ್ತದೆ.

‘ಹೌಂಡ್ ಆಫ್ ದಿ ಬಾಸ್ಕರ್‌ವಿಲ್ಸ್’ ಕಾನನ್ ಡಾಯ್ಲ್ ಬರೆದ ಷರ್ಲಾಕ್ ಹೋಮ್ಸ್ ಕಾದಂಬರಿ, ಸುಮಾರು 59 ಸಾವಿರ ಪದ. 110ರಿಂದ ಭಾಗಿಸಿದರೆ ಒಂಬತ್ತು ತಾಸು. ಪತ್ತೇದಾರಿಯಲ್ಲಿ ಸುಳಿವಿಗಾಗಿ ಹಿಂದಿನ ಪುಟ ತಿರುವುವುದು ತಪ್ಪದು, ಅದಕ್ಕೆ ಕಾಲು ಭಾಗ ಸೇರಿಸಿ: ಹನ್ನೊಂದು ತಾಸು. ದಿನಕ್ಕೆ 40 ನಿಮಿಷವಾದರೆ 17 ದಿನ. ಏಪ್ರಿಲ್–ಮೇನಲ್ಲಿ ನಮ್ಮ ಕಡೆ ಸರ್ಕಾರಿ ಕಚೇರಿಗಳು ಮಧ್ಯಾಹ್ನ ಒಂದೂವರೆಗೆ ಮುಗಿಯುವ ಕಾಲಕ್ಕೆ ಇದು ಹೇಳಿ ಮಾಡಿಸಿದ ಪುಸ್ತಕ. ಆ ಬಿಸಿಲಿಗೆ ಕಲಬುರಗಿಯಲ್ಲಿ ಹೊರಗೆ ಹೋಗುವವರಾರು? ಇದರ 2ನೇ ಅಧ್ಯಾಯದಲ್ಲಿ 1742ರ ಹಸ್ತಪ್ರತಿಯೊಂದಿದೆ, ಬೇಕೆಂದೇ ಹಳೆಯ ಇಂಗ್ಲಿಷಿನಲ್ಲಿ ಬರೆದದ್ದು. ಪುಸ್ತಕ ಕೆಳಗಿಡುವವರು ಹೆಚ್ಚಾಗಿ ಇಲ್ಲೇ ಇಡುತ್ತಾರೆ. ಪದಪದಕ್ಕೆ ನಿಘಂಟು ತೆರೆಯದೆ ಯಾರು, ಎಲ್ಲಿ, ಹೇಗೆ ಸತ್ತರು ಎಂಬಷ್ಟನ್ನು ಹಿಡಿದು ಮುಂದೆ ಸಾಗಿ.

ಆದರೂ ಶುರು ಮಾಡಲು ಸಣ್ಣ ಕಥೆಯೇ ಸರಿ. ಹೋಮ್ಸ್ ಕಥೆಗಳು 56 ಇವೆ. ‘ಸ್ಪೆಕಲ್ಡ್ ಬ್ಯಾಂಡ್’ ಹತ್ತು ಸಾವಿರ ಪದದ ಹತ್ತಿರ, ಅಂದರೆ ಒಂದೂವರೆ ತಾಸು. ಕಲಬುರಗಿಯಲ್ಲಿ ರೈಲು ಹತ್ತಿ ತೆರೆದರೆ ವಾಡಿ ಹೊತ್ತಿಗೆ ನೆರವು ಕೇಳಿ ಬಂದ ಹೆಣ್ಣುಮಗಳು ತನ್ನ ಕಥೆ ಹೇಳಿ ಮುಗಿಸಿರುತ್ತಾಳೆ; ಯಾದಗಿರಿಯಲ್ಲಿ ಇಳಿಯುವಾಗ ಕೊನೆ ಇನ್ನೂ ಬಾಕಿ.

ಇಲ್ಲಿ ಎರಡು ಪದ ಗಮನಿಸಿ. ಆಕೆ ‘ಡಾಗ್-ಕಾರ್ಟ್’ನಲ್ಲಿ ಬಂದಿದ್ದಾಳೆಂದು ಹೋಮ್ಸ್ ಅವಳ ಎಡತೋಳಿನ ಕೆಸರು ನೋಡಿ ಹೇಳುತ್ತಾನೆ. ಅದು ನಾಯಿ ಎಳೆಯುವ ಗಾಡಿಯಲ್ಲ, ನಮ್ಮ ಟಾಂಗಾದಂಥ ಒಂಟಿ ಕುದುರೆ ಗಾಡಿ. ಕೆಸರು ಸಿಡಿಯುವುದು ಗಾಡಿ ಹೊಡೆಯುವವನ ಎಡಕ್ಕೆ ಕೂತವರಿಗೆ. ಗಾಡಿಯ ಆಕಾರ ಗೊತ್ತಿಲ್ಲದಿದ್ದರೆ ಈ ತರ್ಕ ಮಾಟದಂತೆ ಕಾಣುತ್ತದೆ. ಇನ್ನು ‘ಬ್ಯಾಂಡ್’ ಅಂದರೆ ಪಟ್ಟಿಯೂ ಹೌದು, ಜನರ ಗುಂಪೂ ಹೌದು. ಕಥೆ ನಿಂತಿರುವುದೇ ಆ ಗೊಂದಲದ ಮೇಲೆ. ಅನುವಾದಕ ಒಂದೇ ಅರ್ಥ ಆರಿಸಿಕೊಂಡರೆ ಅರ್ಧ ಮಜಾ ಹೋಯಿತು. ಅಂದಹಾಗೆ, ಕನ್ನಡ ಅನುವಾದಕ್ಕೆ ಇಂಗ್ಲಿಷ್ ಪದಸಂಖ್ಯೆ ಹೊಂದುವುದಿಲ್ಲ. ‘ಬಂದಿದ್ದರೂ’ ಎಂಬ ಒಂದು ಪದಕ್ಕೆ ಅಲ್ಲಿ ನಾಲ್ಕೈದು ಬೇಕು. ಅನುವಾದದ ವೇಗವನ್ನು ಬೇರೆಯಾಗಿಯೇ ಅಳೆಯಿರಿ.

‘ಸ್ಟಡಿ ಇನ್ ಸ್ಕಾರ್ಲೆಟ್’ (1887) ಕೂಡ ಹೋಮ್ಸ್ ಕಾದಂಬರಿಯೇ, ಆದರೆ ಚಿಕ್ಕದು, 43 ಸಾವಿರ ಪದದಷ್ಟು. ಇದರ ಎರಡನೇ ಭಾಗ ಏಕಾಏಕಿ ಅಮೆರಿಕದ ಮರುಭೂಮಿಯಲ್ಲಿ ತೆರೆದುಕೊಳ್ಳುತ್ತದೆ. ಪುಟಗಳು ಅದಲುಬದಲಾಗಿಲ್ಲ, ಐದು ಅಧ್ಯಾಯ ತಾಳಿಕೊಳ್ಳಿ.

ಅಗಾಥಾ ಕ್ರಿಸ್ಟಿಯ ವಾಕ್ಯ ಸಲೀಸು, ಅಲ್ಲಿ ಕಷ್ಟ ಹೆಸರುಗಳದ್ದು. ‘ಓರಿಯೆಂಟ್ ಎಕ್ಸ್‌ಪ್ರೆಸ್’ (1934) ಓದುವಾಗ ಒಂದು ಹಾಳೆ ಮಡಚಿ ಪುಸ್ತಕದಲ್ಲಿಡಿ. ಪ್ರತಿಯೊಬ್ಬ ಪ್ರಯಾಣಿಕನಿಗೂ ಒಂದು ಸಾಲು: ಹೆಸರು, ದೇಶ, ಯಾವ ಕಂಪಾರ್ಟ್‌ಮೆಂಟು, ರಾತ್ರಿ ಎಲ್ಲಿದ್ದೆನೆಂದ. ಪತ್ತೇದಾರ ಪೊಯ್ರೊ ಉದುರಿಸುವ ಫ್ರೆಂಚ್ ಪದಗಳ ಅರ್ಥ ಹುಡುಕಲು ಹೋಗಬೇಡಿ, ಸುಮ್ಮನೆ ವೇಳೆ ಹಾಳು. ನಾಲ್ಕು ದಿನ ಬಿಟ್ಟು ಮತ್ತೆ ಹಿಡಿದರೆ ಆ ಹಾಳೆಯನ್ನೊಮ್ಮೆ ಓದಿ, ಹಿಂದಿನ ಅಧ್ಯಾಯದಿಂದ ಶುರು ಮಾಡಿ.

‘ಮೂನ್‌ಸ್ಟೋನ್’ (1868) ವಿಲ್ಕಿ ಕಾಲಿನ್ಸ್ ಬರೆದದ್ದು, ಎರಡು ಲಕ್ಷ ಪದದ ಸಮೀಪ. ಇದೇ ವೇಗಕ್ಕೆ ಮೂವತ್ತು ತಾಸು ದಾಟುತ್ತದೆ; ಮೇಲಿನವು ಮುಗಿಯದೆ ಮುಟ್ಟಬೇಡಿ.