ಹಡಗು ಹತ್ತುವ ಬಾಟಲಿ: ಯಾವುದು ಒಳಗೆ, ಯಾವುದು ದಡದಲ್ಲೇ

ಕ್ರೂಸ್ ಟಿಕೆಟ್ ಕೈಗೆ ಬಂದ ಮೇಲೆ ಬಳ್ಳಾರಿ, ಕೊಪ್ಪಳ, ರಾಯಚೂರಿನ ಟ್ರಾವೆಲ್ ಏಜೆಂಟರ ಮುಂದೆ ತಗ್ಗಿದ ದನಿಯಲ್ಲಿ ಬರುವ ಪ್ರಶ್ನೆ ಒಂದಿದೆ: 'ಎರಡು ಕ್ವಾರ್ಟರ್ ಬ್ಯಾಗಿನ್ಯಾಗ ಇಟ್ಕೊಂಡ್ರ ಯಾರ್ ನೋಡ್ತಾರ್ರಿ?'

ನೋಡುತ್ತಾರೆ. ಹಡಗಿಗೆ ಹೋಗುವ ಪ್ರತಿ ಪೆಟ್ಟಿಗೆಯೂ ಬಂದರಿನಲ್ಲಿ ಎಕ್ಸ್‌ರೇ ಯಂತ್ರದೊಳಗೆ ಹಾದು ಹೋಗಬೇಕು. ಅಲ್ಲಿ ಕೂತವರು ಚಾಕು, ಇಸ್ತ್ರಿಪೆಟ್ಟಿಗೆಗಳ ಜೊತೆಗೆ ಬಾಟಲಿಗಳನ್ನೂ ಹುಡುಕುತ್ತಿರುತ್ತಾರೆ. ಹಡಗಿನ ಕಂಪನಿಗೆ ಟಿಕೆಟ್ಟಿಗಿಂತ ಆಚೆ ಬರುವ ಆದಾಯದಲ್ಲಿ ಬಾರಿನದು ದೊಡ್ಡ ಪಾಲು, ಅದಕ್ಕೇ ಈ ಬಿಗಿ. ಹಾಗಂತ ಬಾಗಿಲು ಪೂರ್ತಿ ಮುಚ್ಚಿಲ್ಲ. ಹಲವು ವಿದೇಶಿ ಹಡಗುಗಳಲ್ಲಿ ಒಂದು ಬಾಟಲಿ ವೈನ್ ರಾಜಮಾರ್ಗದಲ್ಲೇ ಒಳಗೆ ಹೋಗುತ್ತದೆ. ಕದ್ದು ಒಯ್ಯುವ ಉಪಾಯಕ್ಕಿಂತ ಆ ಒಂದು ಬಾಟಲಿಯನ್ನು ಸರಿಯಾಗಿ ಒಯ್ಯುವುದು ಹೇಗೆ ಎಂಬುದನ್ನು ತಿಳಿಯುವುದೇ ಲಾಭ.

ಮೊದಲು ಹಡಗು ಯಾವುದು ನೋಡಿ

ಮುಂಬೈ, ಗೋವಾ, ಕೊಚ್ಚಿ, ಚೆನ್ನೈ ನಡುವೆ ಓಡುವ ಕೊರ್ಡೇಲಿಯಾ ಹಡಗಿಗೆ ಹೋಗುವವರಾದರೆ ವಿಷಯ ಇಲ್ಲಿಗೇ ಮುಗಿಯಿತು: ಹೊರಗಿನ ಮದ್ಯಕ್ಕೆ ಅಲ್ಲಿ ಅವಕಾಶವಿಲ್ಲ. ಎಂಎಸ್‌ಸಿ ಕಂಪನಿಯದೂ ಅದೇ ನಿಯಮ.

ಸಿಂಗಪುರದಿಂದ ಹೊರಡುವ ರಾಯಲ್ ಕೆರಿಬಿಯನ್ ಹಡಗುಗಳಲ್ಲಿ, ಕುಡಿಯುವ ವಯಸ್ಸಾದ ಪ್ರತಿಯೊಬ್ಬರೂ 750 ಎಂಎಲ್‌ನ ಒಂದು ಬಾಟಲಿ ವೈನ್ ಅಥವಾ ಶಾಂಪೇನ್ ತರಬಹುದು, ಅದೂ ಹಡಗು ಹತ್ತುವ ಮೊದಲ ದಿನ ಮಾತ್ರ. ಈ ಕಂಪನಿಯಲ್ಲಿ ಏಷ್ಯಾದಿಂದ ಹೊರಡುವ ಯಾನಗಳಿಗೆ ಕುಡಿಯುವ ವಯಸ್ಸು 18, ಅಮೆರಿಕದಿಂದ ಹೊರಟರೆ 21. ನಾರ್ವೇಜಿಯನ್ ಕಂಪನಿ ಇನ್ನೂ ಧಾರಾಳಿ. ಎಷ್ಟು ಬಾಟಲಿ ವೈನ್ ಆದರೂ ತರಬಹುದು, ಪ್ರತಿ ಬಾಟಲಿಗೆ ಕಾರ್ಕೇಜ್ ಶುಲ್ಕ, ಅಂದರೆ ಹೊರಗಿನ ಬಾಟಲಿ ಕುಡಿಯಲು ಬಿಡುವುದಕ್ಕೆ ಹಡಗಿನವರು ಹಾಕುವ ಶುಲ್ಕ ಕಟ್ಟಬೇಕು, ಅಷ್ಟೇ.

ವಿಸ್ಕಿ, ರಮ್, ಬ್ರಾಂದಿ, ವೋಡ್ಕಾಗಳಿಗೆ ಈ ಯಾವ ಕಂಪನಿಯಲ್ಲೂ ರಿಯಾಯಿತಿ ಇಲ್ಲ. ಬಿಯರ್ ಕೂಡ ಬಹುತೇಕ ಕಡೆ ಇಲ್ಲ. ನಮ್ಮ ಕಡೆ ವೈನ್ ಕುಡಿಯುವವರು ಕಡಿಮೆ, ವಿಸ್ಕಿಯವರೇ ಹೆಚ್ಚು ಎಂಬುದು ನಿಜ. ವಿಸ್ಕಿಯವರು ಹಡಗಿನ ಬಾರಿನ ಲೆಕ್ಕಕ್ಕೇ ತಯಾರಾಗಿ ಹೋಗುವುದು ಒಳ್ಳೆಯದು.

ನಿಯಮಗಳು ವರ್ಷವರ್ಷ ಬದಲಾಗುತ್ತವೆ, ಒಂದೇ ಕಂಪನಿಯಲ್ಲಿ ಹೊರಡುವ ದೇಶಕ್ಕೆ ತಕ್ಕಂತೆಯೂ ಬದಲಾಗುತ್ತವೆ. ಟಿಕೆಟ್ ಜೊತೆ ಬರುವ ಷರತ್ತುಗಳಲ್ಲಿ ಮದ್ಯದ ಭಾಗವನ್ನು ಓದಿ, ಆ ಪುಟವನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಗೇಟಿನಲ್ಲಿ ಮಾತಿಗೆ ಮಾತು ಬೆಳೆದಾಗ ಅದೊಂದೇ ಆಧಾರ.

ಊರಿಂದಲೇ ಒಯ್ಯಬೇಕೇ, ಬಂದರಿನ ಊರಲ್ಲಿ ಕೊಳ್ಳಬೇಕೇ?

ಹೊರಗಿನ ವೈನ್ ಬಿಡುವ ಹಡಗಾದರೆ ಬಂದರಿನ ಊರಲ್ಲೇ ಕೊಳ್ಳಿ. ಅಬಕಾರಿ ಕಾನೂನು ರಾಜ್ಯ ರಾಜ್ಯಕ್ಕೆ ಬೇರೆ. ಗಡಿ ದಾಟುತ್ತಿದ್ದಂತೆ ನಿಮ್ಮ ಬ್ಯಾಗಿನಲ್ಲಿರುವುದು ಹೊರರಾಜ್ಯದ ಮದ್ಯ ಆಗಿಬಿಡುತ್ತದೆ.

ಬಳ್ಳಾರಿ, ಕೊಪ್ಪಳದವರಿಗೆ ಗೋವಾ ಹತ್ತಿರ. ಹೌರಾದಿಂದ ಬರುವ ಅಮರಾವತಿ ಎಕ್ಸ್‌ಪ್ರೆಸ್ ಬಳ್ಳಾರಿ, ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ ಮೇಲೆ ಹಾದು ವಾಸ್ಕೊಗೆ ಮುಟ್ಟುತ್ತದೆ, ಮುರ್ಮುಗಾವ್ ಬಂದರು ಆ ಊರಿಗೇ ಅಂಟಿಕೊಂಡಿದೆ. ಗೋವಾದಲ್ಲಿ ಮದ್ಯ ಅಗ್ಗ ಎಂದು ವಾಪಸು ಬರುವಾಗ ಬಾಟಲಿ ತುಂಬಿಕೊಳ್ಳುವವರು ಲೇಬಲ್ ಮೇಲಿನ 'ಗೋವಾದಲ್ಲಿ ಮಾರಾಟಕ್ಕೆ ಮಾತ್ರ' ಎಂಬ ಸಾಲನ್ನು ಓದುವುದಿಲ್ಲ. ಪರವಾನಗಿ ಇಲ್ಲದೆ ತಂದರೆ ಗಡಿಯ ಅನಮೋಡ ಚೆಕ್‌ಪೋಸ್ಟಿನಲ್ಲಿ ಜಪ್ತಿ, ಮೇಲೆ ಕೇಸು. ಇನ್ನು ರೈಲಿನಲ್ಲಿ ಕುಡಿದು ಗಲಾಟೆ ಮಾಡಿದರೆ 1989ರ ರೈಲ್ವೆ ಕಾಯ್ದೆಯ 145ನೇ ಕಲಮಿನಡಿ ಅಪರಾಧ. ಹಡಗಿನ ಮಜಾ ರೈಲಿನಲ್ಲೇ ಶುರು ಮಾಡುವುದು ಬೇಡ.

ರಾಯಚೂರು ಮುಂಬೈ–ಚೆನ್ನೈ ಮುಖ್ಯ ಮಾರ್ಗದ ಮೇಲಿದೆ, ಎರಡೂ ಬಂದರುಗಳಿಗೆ ನೇರ ರೈಲು ಸಿಗುತ್ತದೆ. ಮುಂಬೈಯಲ್ಲಿ ಮದ್ಯ ಕೊಳ್ಳಲು, ಇಟ್ಟುಕೊಳ್ಳಲು ಕಾನೂನಿನ ಪ್ರಕಾರ ಪರ್ಮಿಟ್ ಬೇಕು. ಒಂದು ದಿನದ್ದು, ವರ್ಷದ್ದು, ಜೀವಮಾನದ್ದು ಎಂಬ ಬಗೆಗಳಿವೆ, ಒಂದು ದಿನದ್ದು ಅಂಗಡಿಯಲ್ಲೇ ಸಿಗುತ್ತದೆ. ಅಲ್ಲಿ ವೈನಿಗೆ ವಯಸ್ಸು 21, ವಿಸ್ಕಿ ರಮ್ಮಿಗೆ 25. ಚೆನ್ನೈಯಲ್ಲಿ ಚಿಲ್ಲರೆ ಮದ್ಯದಂಗಡಿಗಳು ಸರ್ಕಾರಿ ಟಾಸ್ಮಾಕ್ ಕೈಯಲ್ಲಿವೆ, ಬಾಗಿಲು ತೆಗೆಯುವುದೇ ಮಧ್ಯಾಹ್ನ 12ಕ್ಕೆ. ಹಡಗಿನ ಚೆಕ್-ಇನ್ ಅಷ್ಟೊತ್ತಿಗೆ ಶುರುವಾಗಿರುತ್ತದೆ. ಆದ್ದರಿಂದ ಹಿಂದಿನ ದಿನ ಸಂಜೆಯೇ ಕೊಳ್ಳಿ, ಬಿಲ್ ಇಟ್ಟುಕೊಳ್ಳಿ. ಅಕ್ಟೋಬರ್ 2 ಅಥವಾ ಚುನಾವಣೆಯ ಡ್ರೈ ಡೇ ನಡುವೆ ಬಂದಿದೆಯೇ ಎಂದು ಕ್ಯಾಲೆಂಡರ್ ನೋಡಿ.

ಇಷ್ಟಾದರೂ ನಮ್ಮ ಸೀಮೆಯ ವೈನೇ ಒಯ್ಯಬೇಕು ಎನ್ನುವವರಿಗೆ ಕೊಪ್ಪಳ ಜಿಲ್ಲೆಯ ತೋಟದಲ್ಲೇ ದ್ರಾಕ್ಷಿ ಬೆಳೆದು ಮಾಡುವ ಕೃಷ್ಮಾ ವೈನ್ ಇದೆ. ಸಿಂಗಪುರಕ್ಕೆ ಹೋಗುವವರು ಅದನ್ನು ವಿಮಾನದಲ್ಲಿ ಒಯ್ಯುವ ಬಗೆ ಮುಂದಿದೆ.

ವಿಮಾನದಲ್ಲಿ ಒಯ್ಯುವಾಗ

ಬೆಂಗಳೂರು ಅಥವಾ ಹೈದರಾಬಾದಿನಿಂದ ಹಾರುವಾಗ ಕೈಚೀಲದಲ್ಲಿ 100 ಎಂಎಲ್‌ಗಿಂತ ದೊಡ್ಡ ದ್ರವದ ಬಾಟಲಿ ಬಿಡುವುದಿಲ್ಲ. ವೈನ್ ಚೆಕ್-ಇನ್ ಪೆಟ್ಟಿಗೆಗೇ ಹೋಗಬೇಕು. ಅಂತರರಾಷ್ಟ್ರೀಯ ನಿಯಮದಂತೆ ಶೇ 24ಕ್ಕಿಂತ ಹೆಚ್ಚು, ಶೇ 70ರವರೆಗೆ ಆಲ್ಕೋಹಾಲ್ ಇರುವ ಮದ್ಯ ತಲೆಗೆ 5 ಲೀಟರ್ ಮೀರಬಾರದು, ಅಂಗಡಿಯ ಪ್ಯಾಕಿಂಗ್ ಒಡೆದಿರಬಾರದು. ವೈನಿನಲ್ಲಿ ಆಲ್ಕೋಹಾಲ್ ಸಾಮಾನ್ಯವಾಗಿ ಶೇ 12ರಿಂದ 15ರ ಒಳಗೆ, ಹಾಗಾಗಿ ಅದಕ್ಕೆ ಈ ಮಿತಿ ತಾಗದು. ತಾಗುವುದು ತೂಕ: ತುಂಬಿದ ಗಾಜಿನ ಬಾಟಲಿಯೊಂದು ಒಂದೂಕಾಲು ಕಿಲೋ ಆಗುತ್ತದೆ, ಶಾಂಪೇನ್ ಬಾಟಲಿ ಇನ್ನೂ ಭಾರ.

ಕಟ್ಟುವ ಕ್ರಮ ಹೀಗೆ. ಬಾಟಲಿಯ ಕತ್ತಿಗೆ ಒಂದು ಕಾಲುಚೀಲ ತೊಡಿಸಿ, ಮೊದಲು ಒಡೆಯುವ ಜಾಗ ಅದೇ. ಆಮೇಲೆ ಇಡೀ ಬಾಟಲಿಯನ್ನು ಜಿಪ್ ಇರುವ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಗಾಳಿ ಹೊರಡಿಸಿ. ಅದರ ಸುತ್ತ ಟವೆಲ್ ಅಥವಾ ಲುಂಗಿ ಎರಡು ಸುತ್ತು ಬಿಗಿಯಾಗಿ ಸುತ್ತಿ. ಪೆಟ್ಟಿಗೆಯ ನಟ್ಟನಡುವೆ ಮಲಗಿಸಿ, ನಾಲ್ಕೂ ಕಡೆ ಬಟ್ಟೆ ತುಂಬಿ. ಗಾಲಿಯ ಬದಿಗೆ, ಮೂಲೆಗೆ ಇಡಬೇಡಿ, ಲೋಡರ್‌ಗಳು ಎತ್ತಿ ಹಾಕಿದಾಗ ಪೆಟ್ಟು ಬೀಳುವುದು ಅಲ್ಲಿಗೇ. ಕೆಂಪು ವೈನ್ ಒಡೆದರೆ ಆ ಪೆಟ್ಟಿಗೆಯ ಬಿಳಿ ಪಂಚೆಯ ಆಸೆ ಬಿಡಬೇಕು.

ಸಿಂಗಪುರದಲ್ಲಿ ಇಳಿಯುವಾಗ 18 ತುಂಬಿದವರಿಗೆ, 48 ಗಂಟೆ ಮೇಲ್ಪಟ್ಟು ಆ ದೇಶದ ಹೊರಗಿದ್ದವರಿಗೆ 2 ಲೀಟರ್ ತನಕ ವೈನಿಗೆ ಸುಂಕವಿಲ್ಲ. ಗುಟ್ಕಾ, ಜರ್ದಾ ಮಾತ್ರ ಬ್ಯಾಗಿನ ತಳದಲ್ಲೂ ಇರಕೂಡದು. ಜಗಿಯುವ ತಂಬಾಕಿಗೆ ಅಲ್ಲಿ ನಿಷೇಧವೇ ಇದೆ.

ಬಂದರಿನ ಗೇಟಿನಲ್ಲಿ

ಹೆಚ್ಚಿನವರು ಎಡವುವುದು ಇಲ್ಲೇ. ಟರ್ಮಿನಲ್ ಬಾಗಿಲಲ್ಲಿ ದೊಡ್ಡ ಪೆಟ್ಟಿಗೆಗಳನ್ನು ಪೋರ್ಟರ್‌ಗಳು ತೆಗೆದುಕೊಳ್ಳುತ್ತಾರೆ, ಅವು ಸಂಜೆಗೆ ಕ್ಯಾಬಿನ್ ಬಾಗಿಲಿಗೆ ಬರುತ್ತವೆ. ಬಾಟಲಿ ಆ ಪೆಟ್ಟಿಗೆಯೊಳಗೇ ಉಳಿದರೆ, ಅನುಮತಿ ಇದ್ದ ವೈನ್ ಆಗಿದ್ದರೂ ಎಕ್ಸ್‌ರೇಯಲ್ಲಿ ಕಂಡ ತಕ್ಷಣ ಪೆಟ್ಟಿಗೆಯನ್ನು ಪಕ್ಕಕ್ಕೆ ಎಳೆದಿಡಬಹುದು. ಎಲ್ಲರ ಸಾಮಾನು ಬಂದರೂ ನಿಮ್ಮದು ಬಂದಿರುವುದಿಲ್ಲ. ಸೆಕ್ಯುರಿಟಿ ಕೋಣೆಗೆ ಹೋಗಿ ಸಾಲಿನಲ್ಲಿ ನಿಂತು, ಅವರೆದುರು ಪೆಟ್ಟಿಗೆ ಬಿಚ್ಚಿ ತೋರಿಸಬೇಕು. ಅಷ್ಟರಲ್ಲಿ ರಾತ್ರಿ ಊಟದ ಹೊತ್ತು ಮೀರಿರುತ್ತದೆ.

ಆದ್ದರಿಂದ ಪೋರ್ಟರ್ ಕೈಗೆ ಪೆಟ್ಟಿಗೆ ಕೊಡುವ ಮೊದಲೇ ಬಾಟಲಿ ತೆಗೆದು ಕೈಚೀಲಕ್ಕೆ ಹಾಕಿಕೊಳ್ಳಿ. ವಿಮಾನಕ್ಕೂ ಹಡಗಿಗೂ ನಿಯಮ ಇಲ್ಲಿ ಉಲ್ಟಾ. ಸೀಲ್ ಒಡೆದಿರಬಾರದು, ಲೇಬಲ್ ಹರಿದಿರಬಾರದು, 750 ಎಂಎಲ್ ಮೀರಬಾರದು. ಬಾಕ್ಸ್ ವೈನ್ ನಡೆಯುವುದಿಲ್ಲ, ಮನೆಯಲ್ಲಿ ಮಾಡಿದ್ದಂತೂ ಇಲ್ಲವೇ ಇಲ್ಲ. ಕೇಳುವ ಮೊದಲೇ ಬಾಟಲಿ ತೋರಿಸಿ, ಕೆಲಸ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ.

ಕಳ್ಳದಾರಿಗಳ ಗತಿ ಏನು? 90 ಎಂಎಲ್ ಟೆಟ್ರಾ ಪ್ಯಾಕ್‌ಗಳನ್ನು ಬಟ್ಟೆಯ ನಡುವೆ ಹಾಸಿದರೆ ತೆರೆಯ ಮೇಲೆ ಒಂದೇ ಅಳತೆಯ ಚೌಕಗಳ ಸಾಲು ಮೂಡುತ್ತದೆ, ಅದಕ್ಕಿಂತ ಎದ್ದು ಕಾಣುವುದು ಬೇರೆ ಯಾವುದೂ ಇಲ್ಲ. ನೀರಿನ ಬಾಟಲಿಗೆ ವೋಡ್ಕಾ ತುಂಬುವ ಚಾಳಿ ಎಷ್ಟು ಹೆಚ್ಚಿತೆಂದರೆ, ಅಮೆರಿಕದ ಕಾರ್ನಿವಲ್ ಕಂಪನಿ 2015ರಲ್ಲಿ ಬಾಟಲಿ ನೀರು, ಬಾಟಲಿ ಸೋಡಾ ತರುವುದನ್ನೇ ನಿಲ್ಲಿಸಿತು. ಮೌತ್‌ವಾಶ್ ಬಾಟಲಿಯ ಮುಚ್ಚಳದ ಸೀಲ್ ಹೋಗಿದ್ದರೆ ಮೂಗಿಗೆ ಹಿಡಿದು ನೋಡುತ್ತಾರೆ. ಸಿಕ್ಕಿಬಿದ್ದ ಮದ್ಯವನ್ನು ಬಹಳ ಕಡೆ ಚೆಲ್ಲಿಬಿಡುತ್ತಾರೆ. ಹಟ ಹಿಡಿದು ಜಗಳಕ್ಕೆ ನಿಂತವರನ್ನು ಹತ್ತಿಸಿಕೊಳ್ಳದಿರುವ ಹಕ್ಕೂ ಕಂಪನಿಗಿದೆ.

ಒಳಗೆ ಹೋದ ಮೇಲೆ

ತಂದ ವೈನನ್ನು ಕ್ಯಾಬಿನ್ನಿನಲ್ಲಿ ಕುಡಿದರೆ ರಾಯಲ್ ಕೆರಿಬಿಯನ್‌ನಂಥ ಹಡಗಿನಲ್ಲಿ ಖರ್ಚಿಲ್ಲ. ರೆಸ್ಟೋರೆಂಟಿಗೆ ಒಯ್ದು ತೆರೆಸಿದರೆ ಕಾರ್ಕೇಜ್ ಬೀಳುತ್ತದೆ, ಸಾಮಾನ್ಯವಾಗಿ 15 ಡಾಲರಿನ ಆಸುಪಾಸು. ಒಂದು ಬಾಟಲಿಯಲ್ಲಿ 150 ಎಂಎಲ್‌ನ ಐದು ಗ್ಲಾಸ್ ಸಿಗುತ್ತದೆ. ಅಂದರೆ ಕಾರ್ಕೇಜ್ ಕಟ್ಟಿದರೂ ಗ್ಲಾಸಿಗೆ 3 ಡಾಲರ್ ಮಾತ್ರ ಹೆಚ್ಚುವರಿ. ಇಬ್ಬರು ಒಂದೊಂದು ಬಾಟಲಿ ತಂದರೆ ಮೂರು ರಾತ್ರಿಯ ಯಾನಕ್ಕೆ ಊಟದ ಜೊತೆಗಿನ ವೈನ್ ಪೂರೈಸುತ್ತದೆ. ಕಾರ್ಕ್ ತೆಗೆಯುವ ಸ್ಕ್ರೂ ಊರಿಂದ ತರಬೇಡಿ, ಚಾಕು ಇರುವ ಮಾದರಿಯಾದರೆ ತಪಾಸಣೆಯಲ್ಲಿ ಹೋಗುತ್ತದೆ. ಕ್ಯಾಬಿನ್ ನೋಡಿಕೊಳ್ಳುವ ಸ್ಟೂವರ್ಡ್‌ಗೆ ಹೇಳಿದರೆ ತಂದುಕೊಡುತ್ತಾನೆ. ತಿರುಗುಮುಚ್ಚಳದ ಬಾಟಲಿ ಕೊಂಡರೆ ಅದೂ ಬೇಕಿಲ್ಲ.

ದಿನಕ್ಕಿಷ್ಟು ಎಂದು ಮೊದಲೇ ಹಣ ಕಟ್ಟಿ ಕುಡಿಯುವ ಡ್ರಿಂಕ್ಸ್ ಪ್ಯಾಕೇಜ್ ಕೊಳ್ಳುವ ಮುನ್ನ ಎರಡು ಮಾತು. ಅನೇಕ ಕಂಪನಿಗಳಲ್ಲಿ ಒಬ್ಬರು ಕೊಂಡರೆ ಅದೇ ಕ್ಯಾಬಿನ್ನಿನ ಉಳಿದ ವಯಸ್ಕರೂ ಕೊಳ್ಳಲೇಬೇಕು, ಕುಡಿಯದ ಮನೆಯವರ ಲೆಕ್ಕವೂ ನಿಮ್ಮ ತಲೆಗೆ. ಮೇಲೆ ಸರ್ವಿಸ್ ಚಾರ್ಜ್ ಬೇರೆ, ರಾಯಲ್ ಕೆರಿಬಿಯನ್‌ನಲ್ಲಿ ಅದು ಶೇ 18. ದಿನಕ್ಕೆ ಎರಡು ಪೆಗ್ಗಿನವರಿಗೆ ಪ್ಯಾಕೇಜ್ ದಂಡ.

ನಡುವಿನ ಬಂದರುಗಳು, ವಾಪಸು ದಾರಿ

ನಡುವೆ ಇಳಿದ ಊರಲ್ಲಿ ಕೊಂಡ ಬಾಟಲಿಯನ್ನು ವಾಪಸು ಹತ್ತುವಾಗ ಹಡಗಿನವರು ಪಡೆದು, ಕ್ಯಾಬಿನ್ ನಂಬರ್ ಬರೆದ ಚೀಟಿ ಕೊಟ್ಟು, ಕೊನೆಯ ರಾತ್ರಿ ಅಥವಾ ಇಳಿಯುವ ಬೆಳಿಗ್ಗೆ ಹಿಂದಿರುಗಿಸುತ್ತಾರೆ. ಹಡಗಿನ ಡ್ಯೂಟಿ ಫ್ರೀ ಅಂಗಡಿಯದಕ್ಕೂ ಇದೇ ಕ್ರಮ. ಚೀಟಿ ಕಳೆಯಬೇಡಿ. ಲಕ್ಷದ್ವೀಪಕ್ಕೆ ಹೋಗುವ ಯಾನವಾದರೆ ದಡಕ್ಕೆ ಇಳಿಯುವಾಗ ಚೀಲದಲ್ಲಿ ಒಂದು ಹನಿಯೂ ಬೇಡ. ಬಂಗಾರಂ ದ್ವೀಪದ ರೆಸಾರ್ಟ್ ಬಿಟ್ಟರೆ ಅಲ್ಲಿ ಪಾನನಿಷೇಧವಿದೆ.

ಸಿಂಗಪುರದ ಯಾನಗಳು ಬಹುತೇಕ ಪೆನಾಂಗ್, ಪೋರ್ಟ್ ಕ್ಲಾಂಗ್ ಮುಟ್ಟಿ ಬರುತ್ತವೆ. ಮಲೇಷ್ಯಾದಿಂದ ಬಂದವರಿಗೆ ಸಿಂಗಪುರದಲ್ಲಿ ಮದ್ಯದ ಸುಂಕ ವಿನಾಯಿತಿ ಇಲ್ಲ. ಕೊನೆಯ ಬಂದರು ಯಾವುದು ಎಂದು ನೋಡಿಕೊಂಡೇ ಕೊಳ್ಳಿ. ಇಳಿದ ದಿನವೇ ವಿಮಾನವಿದ್ದರೆ ಹಡಗಿನಲ್ಲಿ ಕೊಂಡ ಬಾಟಲಿಯನ್ನು ಟರ್ಮಿನಲ್ಲಿನಲ್ಲೇ ಚೆಕ್-ಇನ್ ಪೆಟ್ಟಿಗೆಗೆ ಸೇರಿಸಿ. ಕೈಯಲ್ಲಿ ಹಿಡಿದು ಹೋದರೆ 100 ಎಂಎಲ್ ನಿಯಮದಡಿ ವಿಮಾನ ನಿಲ್ದಾಣದಲ್ಲಿ ಕಸದ ಡಬ್ಬಿಗೆ ಹೋಗುತ್ತದೆ.

ಬೆಂಗಳೂರು, ಹೈದರಾಬಾದಿನಲ್ಲಿ ಇಳಿದಾಗ ಒಬ್ಬ ಪ್ರಯಾಣಿಕರಿಗೆ 2 ಲೀಟರ್ ಮದ್ಯ ಸುಂಕರಹಿತ. ಲೀಟರಿನ ಎರಡು ಬಾಟಲಿ, ಇಲ್ಲವೇ 750ರ ಎರಡು ಸರಿ. 750ರ ಮೂರನೆಯದು ಮಿತಿ ದಾಟಿಸುತ್ತದೆ. ದಾಟಿದ್ದರೆ ಕಸ್ಟಮ್ಸಿನ ಹಸಿರು ಚಾನೆಲ್ ಬಿಟ್ಟು ಕೆಂಪು ಚಾನೆಲ್‌ನಲ್ಲಿ ಹೋಗಿ ಘೋಷಿಸಿ, ಹೆಚ್ಚುವರಿಗೆ ಸುಂಕ ಕಟ್ಟಿ, ರಸೀದಿಯನ್ನು ಮನೆ ಮುಟ್ಟುವ ತನಕ ಬಾಟಲಿಯ ಜೊತೆಗೇ ಇಟ್ಟುಕೊಳ್ಳಿ.