ಕರೆಂಟು ಹೋಗಿ ಬಂದರೂ ತಾನೇ ಸೇರಿಕೊಳ್ಳುವ ವೈಫೈ: ಕಮಾಂಡ್ ಲೈನ್‌ನಿಂದ ಭದ್ರ ಜೋಡಣೆ

ಕಾಫಿ ಗೋದಾಮಿನ ಮೂಲೆಯಲ್ಲೋ ಹೋಂಸ್ಟೇ ಆಫೀಸಿನಲ್ಲೋ ಪರದೆ, ಮೌಸ್ ಇಲ್ಲದೆ ಕೂತಿರುವ ಲಿನಕ್ಸ್ ಪೆಟ್ಟಿಗೆಗೂ (ಪುಟ್ಟ ಕಂಪ್ಯೂಟರಿಗೂ) ಆಜ್ಞೆ ಟೈಪ್ ಮಾಡಿಯೇ ವೈಫೈ ಜೋಡಿಸಬಹುದು. ಕೊಡಗಿನಲ್ಲಿ ಈ ಕೆಲಸಕ್ಕೆ ಎರಡು ಕಾಟ. ಮಳೆಗಾಲದಲ್ಲಿ ಕರೆಂಟು ಹೋಗಿ ಬರುತ್ತಲೇ ಇರುತ್ತದೆ. ಹೋಂಸ್ಟೇಗೆ ಬಂದವರ ಫೋನುಗಳಲ್ಲಿ ನಿಮ್ಮ ಪಾಸ್‌ವರ್ಡ್ ಬೆಂಗಳೂರು, ಕೊಚ್ಚಿ ಸುತ್ತುತ್ತದೆ.

ಎರಡನೆಯದಕ್ಕೆ ಮದ್ದು ರೂಟರ್‌ನಲ್ಲೇ ಇದೆ: ಅತಿಥಿಗಳಿಗೆ ಗೆಸ್ಟ್ ನೆಟ್‌ವರ್ಕ್, ಆಫೀಸಿಗೆ ಬೇರೆ ಹೆಸರು (ಇಲ್ಲಿ ಉದಾಹರಣೆಗೆ ತೋಟ-ಆಫೀಸ್; ಆ ಜಾಗದಲ್ಲಿ ನಿಮ್ಮದನ್ನು ಹಾಕಿ). ಡಬ್ಲ್ಯೂಪಿಎಸ್ (ಗುಂಡಿ ಒತ್ತಿ ಇಲ್ಲವೇ ಪಿನ್ ಕೊಟ್ಟು ಜೋಡಿಸುವ ಸೌಲಭ್ಯ) ಆಫ್ ಮಾಡಿ. ಹೆಸರನ್ನು ಅಡಗಿಸಿಡುವುದರಿಂದ ಏನೂ ಲಾಭವಿಲ್ಲ. ಪೆಟ್ಟಿಗೆಯೇ ಆ ಹೆಸರನ್ನು ಗಾಳಿಯಲ್ಲಿ ಕೂಗಿ ಹುಡುಕಬೇಕಾಗುತ್ತದೆ. ಪಾಸ್‌ವರ್ಡ್ 8ರಿಂದ 63 ಅಕ್ಷರದವರೆಗೆ ಇರಬಹುದು, 16ಕ್ಕಿಂತ ಕಡಿಮೆ ಇಡಬೇಡಿ. ಕಂಪನಿ ಕೊಟ್ಟ ನೆಟ್‌ವರ್ಕ್ ಹೆಸರನ್ನೂ ಬದಲಿಸಿ. ಡಬ್ಲ್ಯೂಪಿಎ2 ಎಂಬ ವೈಫೈ ಭದ್ರತಾ ವಿಧಾನದಲ್ಲಿ ಪಾಸ್‌ವರ್ಡ್ ಮತ್ತು ಹೆಸರು ಎರಡನ್ನೂ ಬೆರೆಸಿಯೇ ಕೀಲಿ ತಯಾರಾಗುತ್ತದೆ. ಸಾವಿರಾರು ಮನೆಗಳಲ್ಲಿರುವ ಹೆಸರಾದರೆ, ಅದಕ್ಕೆ ಮೊದಲೇ ಲೆಕ್ಕ ಹಾಕಿಟ್ಟ ಪಟ್ಟಿ ಕಳ್ಳರ ಕೈಯಲ್ಲಿರುತ್ತದೆ.

ಇನ್ನು ಪೆಟ್ಟಿಗೆ. ಇಲ್ಲಿನ ಆಜ್ಞೆಗಳೆಲ್ಲ ನೆಟ್‌ವರ್ಕ್‌ಮ್ಯಾನೇಜರ್ (ಜೋಡಣೆಗಳನ್ನು ನೋಡಿಕೊಳ್ಳುವ ತಂತ್ರಾಂಶ) ಇರುವ ವ್ಯವಸ್ಥೆಗೆ. 2023ರ ಬುಕ್‌ವರ್ಮ್ ಆವೃತ್ತಿಯಿಂದ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಓಎಸ್‌ನಲ್ಲೂ ಅದೇ ಇದೆ. ಉಚ್ಚಾರದಂತೆ ಕೊಟ್ಟಿರುವ ಇವನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಟೈಪ್ ಮಾಡಿ. ಮೊದಲು ಲ್ಯಾನ್ ಕೇಬಲ್ ಚುಚ್ಚಿಕೊಂಡು ಎಸ್‌ಎಸ್‌ಎಚ್‌ನಲ್ಲಿ (ಬೇರೆ ಕಂಪ್ಯೂಟರಿನಿಂದ ದೂರದಿಂದಲೇ ಆಜ್ಞೆ ಕೊಡುವ ದಾರಿ) ಒಳಹೋಗಿ. ವೈಫೈ ಮೂಲಕವೇ ಹೋಗಿ ವೈಫೈ ತಿದ್ದಿದರೆ ಕೂತ ಕೊಂಬೆ ಕಡಿದಂತೆ.

ಆರ್‌ಎಫ್‌ಕಿಲ್ ಲಿಸ್ಟ್

ವೈರ್‌ಲೆಸ್ ಲ್ಯಾನ್ ಕೆಳಗೆ "ಸಾಫ್ಟ್ ಬ್ಲಾಕ್ಡ್: ಯೆಸ್" ಎಂದು ಬಂದರೆ ರೇಡಿಯೊ ಮುಚ್ಚಿದೆ. ರಾಸ್ಪ್‌ಬೆರಿ ಪೈನಲ್ಲಿ ಇದಕ್ಕೆ ಸಾಮಾನ್ಯ ಕಾರಣ ದೇಶ ಹೇಳದಿರುವುದು. ರಾಸ್ಪಿ-ಕಾನ್ಫಿಗ್ ಎಂಬ ಸೆಟ್ಟಿಂಗ್ ಆಜ್ಞೆಯಲ್ಲಿ ಐಎನ್ (ಭಾರತ) ಆಯ್ದರೆ ತೆರೆಯುತ್ತದೆ. ಬೇರೆ ಯಂತ್ರಗಳಲ್ಲಿ "ಸುಡೊ ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ" ಸಾಕು.

ಎನ್‌ಎಂಸಿಎಲ್‌ಐ ಡಿವೈಸ್ ವೈಫೈ ಲಿಸ್ಟ್

ಪಟ್ಟಿಯ ಸೆಕ್ಯುರಿಟಿ ಕಾಲಂ ನೋಡಿ. ಡಬ್ಲ್ಯೂಇಪಿ (ಸುಲಭವಾಗಿ ಮುರಿಯುವ ಹಳೆಯ ಭದ್ರತೆ) ಎಂದಿದ್ದರೆ ಅಥವಾ ಖಾಲಿ ಇದ್ದರೆ ಮುಂದೆ ಹೋಗಬೇಡಿ, ರೂಟರ್ ಸರಿಮಾಡಿ. ಈಗ ಜೋಡಣೆ:

ಸುಡೊ ಎನ್‌ಎಂಸಿಎಲ್‌ಐ --ಆಸ್ಕ್ ಡಿವೈಸ್ ವೈಫೈ ಕನೆಕ್ಟ್ ತೋಟ-ಆಫೀಸ್

"--ಆಸ್ಕ್" ಬಿಡಬೇಡಿ. ಪಾಸ್‌ವರ್ಡನ್ನು ಆಜ್ಞೆಯ ಸಾಲಿನಲ್ಲೇ ಬರೆದರೆ ಅದು ಶೆಲ್‌ನ ಹಿಸ್ಟರಿಯಲ್ಲಿ (ಕೊಟ್ಟ ಆಜ್ಞೆಗಳ ದಾಖಲೆಯಲ್ಲಿ) ಉಳಿಯುತ್ತದೆ. "--ಆಸ್ಕ್" ಇದ್ದರೆ ಪಾಸ್‌ವರ್ಡನ್ನು ಬೇರೆಯಾಗಿ ಕೇಳುತ್ತದೆ. ಆದರೂ ಅದು ಸಾಮಾನ್ಯವಾಗಿ ಇಟಿಸಿ ಕೆಳಗಿನ ನೆಟ್‌ವರ್ಕ್‌ಮ್ಯಾನೇಜರ್ ಫೋಲ್ಡರಿನ ಸಿಸ್ಟಂ-ಕನೆಕ್ಷನ್ಸ್‌ನಲ್ಲಿ ಯಾರೂ ಓದಬಹುದಾದ ಮಾಮೂಲಿ ಅಕ್ಷರಗಳಲ್ಲೇ ಇರುತ್ತದೆ. ಆ ಕಡತದ ಅನುಮತಿ 600 (ಒಡೆಯ ಮಾತ್ರ ಓದಿ ಬರೆಯಬಲ್ಲ) ಇರಬೇಕು. ಬ್ಯಾಕಪ್ ಪೆನ್‌ಡ್ರೈವ್‌ಗೆ ಅದೂ ಹೋಗುತ್ತದೆ ಎನ್ನುವುದು ನೆನಪಿರಲಿ.

ರೂಟರ್, ಪೆಟ್ಟಿಗೆ ಎರಡೂ ಡಬ್ಲ್ಯೂಪಿಎ2ನ ಮುಂದಿನ ಪೀಳಿಗೆಯಾದ ಡಬ್ಲ್ಯೂಪಿಎ3 ಬಲ್ಲವಾದರೆ ಇದನ್ನೂ ಕೊಡಿ:

ಸುಡೊ ಎನ್‌ಎಂಸಿಎಲ್‌ಐ ಕನೆಕ್ಷನ್ ಮಾಡಿಫೈ ತೋಟ-ಆಫೀಸ್ ವೈಫೈ-ಸೆಕ್.ಕೀ-ಎಂಜಿಎಂಟಿ ಎಸ್‌ಎಇ

ಆಮೇಲೆ ಅದೇ ಹೆಸರಿನ ನಕಲಿ ಡಬ್ಲ್ಯೂಪಿಎ2 ನೆಟ್‌ವರ್ಕ್ ಯಾರಾದರೂ ಎಬ್ಬಿಸಿದರೂ ಪೆಟ್ಟಿಗೆ ಅದರ ಹತ್ತಿರ ಸುಳಿಯುವುದಿಲ್ಲ. ಹಳೆಯ ವೈಫೈ ಚಿಪ್ಪುಗಳಿಗೆ ಇದು ಒಗ್ಗದೆ ಜೋಡಣೆ ತಪ್ಪಬಹುದು. ಆಗ ಕೊನೆಯ ಪದದ ಬದಲು "ಡಬ್ಲ್ಯೂಪಿಎ-ಪಿಎಸ್‌ಕೆ" ಎಂದು ಹಿಂದಿರುಗಿ.

ಈಗ ಕರೆಂಟಿನ ಮಾತು. ಕರೆಂಟು ಬಂದಾಗ ರೂಟರ್‌ನ ರೇಡಿಯೊ ಬೇಗ ಎದ್ದು, ಐಪಿ ವಿಳಾಸ ಹಂಚುವ ಕೆಲಸ ತಡವಾಗಿ ಶುರುವಾಗುವುದುಂಟು. ಪೆಟ್ಟಿಗೆ ನಾಲ್ಕು ಸಲ ಸೋತು ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ. ಪೂರ್ವನಿಯೋಜಿತ ಮಿತಿ ಅಷ್ಟೇ. 0 ಎಂದರೆ ಬಿಡದೆ ಪ್ರಯತ್ನಿಸು ಎಂದರ್ಥ:

ಸುಡೊ ಎನ್‌ಎಂಸಿಎಲ್‌ಐ ಕನೆಕ್ಷನ್ ಮಾಡಿಫೈ ತೋಟ-ಆಫೀಸ್ ಕನೆಕ್ಷನ್.ಆಟೋಕನೆಕ್ಟ್-ರಿಟ್ರೈಸ್ 0

ಗೋದಾಮು ಮನೆಯಿಂದ ದೂರವಿದ್ದು ನಡುವೆ ಸಿಲ್ವರ್ ಓಕ್ ಸಾಲಿದ್ದರೆ 2.4 ಗಿಗಾಹರ್ಟ್ಸೇ ಮೇಲು. ಗೋಡೆಯಲ್ಲೂ ನೆನೆದ ಎಲೆಯಲ್ಲೂ 5 ಗಿಗಾಹರ್ಟ್ಸ್ ಬೇಗ ಸೋಲುತ್ತದೆ. ಅದನ್ನು ಕಟ್ಟಿಹಾಕಲು ಇದೇ ಮಾಡಿಫೈ ಆಜ್ಞೆಯ ಕೊನೆಗೆ "ವೈಫೈ.ಬ್ಯಾಂಡ್ ಬಿಜಿ" ಸೇರಿಸಿ. ಸಿಗ್ನಲ್ ಅಳೆಯಲು "ಐಡಬ್ಲ್ಯೂ ಡೆವ್ ಡಬ್ಲ್ಯೂಲ್ಯಾನ್0 ಲಿಂಕ್". ಮೈನಸ್ 70 ಡಿಬಿಎಂಗಿಂತ ಬಲವಾಗಿದ್ದರೆ ನೆಮ್ಮದಿ, ಮೈನಸ್ 80ರ ಸುತ್ತ ಕಷ್ಟ. ಹೂಮಳೆಗೆ ಮೊದಲು ಮಾರ್ಚ್ ಬಿಸಿಲಲ್ಲಿ ಅಳೆದದ್ದನ್ನು ಜುಲೈಗೆ ನಂಬಬೇಡಿ.

ತಿದ್ದಿದ್ದು ಜಾರಿಯಾಗಲು "ಸುಡೊ ಎನ್‌ಎಂಸಿಎಲ್‌ಐ ಕನೆಕ್ಷನ್ ಅಪ್ ತೋಟ-ಆಫೀಸ್". "ಸೀಕ್ರೆಟ್ಸ್ ವರ್ ರಿಕ್ವೈರ್ಡ್" ಎಂಬ ದೂರು ಬಂದರೆ ಹೆಚ್ಚಿನ ಸಲ ಪಾಸ್‌ವರ್ಡ್ ತಪ್ಪು, ಇಲ್ಲವೇ ಮೇಲಿನ ಡಬ್ಲ್ಯೂಪಿಎ3 ತಿದ್ದುಪಡಿ ಒಗ್ಗಿಲ್ಲ. ಜೋಡಣೆಯಾಗಿಯೂ ಐಪಿ ಬಾರದಿದ್ದರೆ ತಪ್ಪು ಪಾಸ್‌ವರ್ಡಿನದಲ್ಲ, ರೂಟರ್‌ನ ಡಿಎಚ್‌ಸಿಪಿ (ಐಪಿ ಹಂಚುವ ಸೇವೆ) ನೋಡಿ. ವಿವರಕ್ಕೆ "ಜರ್ನಲ್‌ಸಿಟಿಎಲ್ -ಯು" ಎಂದು ಬರೆದು ಮುಂದೆ ನೆಟ್‌ವರ್ಕ್‌ಮ್ಯಾನೇಜರ್. ಇದರಲ್ಲಿ ಮಾತ್ರ ಎನ್ ಮತ್ತು ಎಂ ದೊಡ್ಡಕ್ಷರ.

ಕೊನೆಗೆ ಕೇಬಲ್ ತೆಗೆದು, ರೂಟರ್ ಪ್ಲಗ್ ಕಿತ್ತು, ಐದು ನಿಮಿಷ ಬಿಟ್ಟು ಮತ್ತೆ ಹಾಕಿ. ಯಾರೂ ಮುಟ್ಟದೆ ಪೆಟ್ಟಿಗೆ ಬೇರೆ ಯಂತ್ರದಿಂದ ಕಳಿಸಿದ ಪಿಂಗ್‌ಗೆ ("ಇದ್ದೀಯಾ" ಎಂಬ ಕರೆಗೆ) ಓಗೊಟ್ಟರೆ ಗೋದಾಮಿನ ಬಾಗಿಲು ಹಾಕಬಹುದು.