ಟ್ರೇಲರ್‌ಗೆ ಹೊಸ ಟೈರ್: ಅಂಗಡಿಗೆ ಹೋಗುವ ಮುನ್ನ ತೂಕದ ಲೆಕ್ಕ

ಪ್ರವಾಸದ ಟ್ರೇಲರ್ ಅಂದರೆ ಕಾರಿನ ಹಿಂದೆ ಕಟ್ಟಿ ಎಳೆಯುವ ಪುಟ್ಟ ಮನೆ. ಅದರ ಟೈರ್ ಸವೆದು ಹಾಳಾಗುವುದು ಅಪರೂಪ. ವರ್ಷದ ಬಹುಪಾಲು ಒಂದೇ ಕಡೆ ನಿಂತಿರುವ ಗಾಡಿ ಅದು. ಗ್ರಿಪ್ ಹೊಸದರ ಹಾಗೇ ಕಾಣುತ್ತದೆ, ಆದರೆ ರಬ್ಬರ್ ಒಣಗಿ ಗಡುಸಾಗಿರುತ್ತದೆ. ಅದನ್ನೇ ನಂಬಿ, ಗಾಡಿಯ ತುಂಬ ಸಾಮಾನು ಹೇರಿಕೊಂಡು ಸುಡುಬಿಸಿಲಿನಲ್ಲಿ ಹೆದ್ದಾರಿ ಹಿಡಿದರೆ ಟೈರ್‌ನ ಪದರಗಳು ಬಿಟ್ಟುಕೊಳ್ಳುತ್ತವೆ. ಮುಂದೆ ಸ್ಟಿಯರಿಂಗ್ ಹಿಡಿದವರಿಗೆ ಇದು ಗೊತ್ತೇ ಆಗುವುದಿಲ್ಲ. ಕಾರಿನ ಟೈರ್‌ನಲ್ಲಿ ಗಾಳಿ ಇಳಿದರೆ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಎರಡು ಆಕ್ಸಲ್‌ನ, ಅಂದರೆ ಬದಿಗೆರಡು ಚಕ್ರವಿರುವ, ಟ್ರೇಲರ್‌ನಲ್ಲಿ ಒಂದು ಟೈರ್ ಸತ್ತರೆ ಅದರ ಭಾರವನ್ನು ಪಕ್ಕದ ಟೈರ್ ಸದ್ದಿಲ್ಲದೆ ಹೊತ್ತುಕೊಂಡು ಸ್ವಲ್ಪ ದೂರದಲ್ಲಿ ಅದೂ ಸಿಡಿಯಬಹುದು. ಕಿತ್ತು ಬಂದ ರಬ್ಬರ್ ಪಟ್ಟಿ ಚಕ್ರದ ಜೊತೆ ಸುತ್ತುತ್ತ ಮಡ್‌ಗಾರ್ಡ್, ವೈರಿಂಗ್, ಗ್ಯಾಸ್ ಪೈಪ್, ಕೆಲವೊಮ್ಮೆ ಟ್ರೇಲರ್‌ನ ನೆಲವನ್ನೇ ಹರಿದುಹಾಕುತ್ತದೆ.

ಹೊಸ ಟೈರ್ ಬೇಕೆಂದವರು ಮೊದಲು ಕೇಳುವುದು ಯಾವ ಕಂಪನಿಯದು ಒಳ್ಳೆಯದು ಎಂದು. ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಒಂದೊಂದು ಚಕ್ರದ ಮೇಲೆ ಎಷ್ಟು ಭಾರ ಕೂತಿದೆ ಎಂಬುದು ಗೊತ್ತಿಲ್ಲದೆ ಎಂಥ ಹೆಸರಾಂತ ಟೈರ್ ಹಾಕಿದರೂ ಅದು ಕುರುಡು ಆಯ್ಕೆಯೇ.

ಮೊದಲು ತೂಗಿಸಿ

ಪ್ರವಾಸಕ್ಕೆ ಹೊರಡುವಾಗ ಏನೇನು ತುಂಬುತ್ತೀರೋ ಅದೆಲ್ಲವನ್ನೂ ತುಂಬಿಯೇ ಟ್ರೇಲರನ್ನು ವೇಬ್ರಿಜ್‌ಗೆ (ಲಾರಿಗಳನ್ನು ತೂಗುವ ತಕ್ಕಡಿಗೆ) ಒಯ್ಯಿರಿ. ನೀರಿನ ಟ್ಯಾಂಕ್ ಮರೆಯಬೇಡಿ, 150 ಲೀಟರ್ ನೀರೆಂದರೆ 150 ಕಿಲೋ. ಕಾರಿಗೆ ಜೋಡಿಸಿಕೊಂಡೇ, ಟ್ರೇಲರ್‌ನ ಚಕ್ರಗಳು ಮಾತ್ರ ತಕ್ಕಡಿಯ ಮೇಲೆ ಇರುವಂತೆ ನಿಲ್ಲಿಸಿ. ಆಗ ಬರುವ ಅಂಕಿ ಟೈರ್‌ಗಳು ನಿಜವಾಗಿ ಹೊರುತ್ತಿರುವ ಭಾರ. ಒಟ್ಟು ತೂಕದಲ್ಲಿ ಸಾಮಾನ್ಯವಾಗಿ ಶೇ 10ರಿಂದ 15ರಷ್ಟು ಕೊಂಡಿಯ ಮೂಲಕ ಎಳೆಯುವ ವಾಹನದ ಮೇಲೆ ಬೀಳುತ್ತದೆ.

ಇಷ್ಟಕ್ಕೇ ನಿಲ್ಲಿಸದೆ, ಜಾಗವಿದ್ದರೆ ಎಡಗಡೆಯ ಚಕ್ರಗಳನ್ನಷ್ಟೇ ತಕ್ಕಡಿಯ ಮೇಲೆ ಇಟ್ಟು ಇನ್ನೊಮ್ಮೆ ತೂಗಿಸಿ. ಅಡುಗೆಮನೆ, ಫ್ರಿಜ್, ನೀರಿನ ಟ್ಯಾಂಕ್ ಎಲ್ಲ ಒಂದೇ ಬದಿಗಿದ್ದರೆ ಆ ಬದಿ ನೂರಾರು ಕಿಲೋ ಹೆಚ್ಚು ತೂಗಬಹುದು. ಒಟ್ಟು ಭಾರವನ್ನು ನಾಲ್ಕರಿಂದ ಭಾಗಿಸಿ ಸರಾಸರಿ ತೆಗೆಯುವುದು ತಪ್ಪು ಲೆಕ್ಕ. ಟೈರ್ ಆರಿಸಬೇಕಾದದ್ದು ಅತಿ ಹೆಚ್ಚು ಭಾರ ಹೊತ್ತ ಚಕ್ರವನ್ನು ನೋಡಿ. ಟ್ರೇಲರ್‌ನ ಮೈಮೇಲೆ ತಯಾರಕರು ಅಂಟಿಸಿದ ಫಲಕದಲ್ಲಿ ಪ್ರತಿ ಆಕ್ಸಲ್‌ನ ಗರಿಷ್ಠ ಭಾರ, ಟೈರ್ ಅಳತೆ, ಗಾಳಿಯ ಒತ್ತಡ ಇರುತ್ತವೆ. ನಿಮ್ಮ ಅಂಕಿ ಆ ಮಿತಿಯನ್ನು ದಾಟಿದ್ದರೆ ಟೈರ್ ಬದಲಿಸಿ ಪ್ರಯೋಜನವಿಲ್ಲ, ಸಾಮಾನು ಇಳಿಸಬೇಕು.

ಸೈಡ್‌ವಾಲ್ ಓದುವುದು

ಟೈರ್ ಪಕ್ಕದಲ್ಲಿ ಕೂತು ಸೈಡ್‌ವಾಲ್, ಅಂದರೆ ಟೈರ್‌ನ ಪಕ್ಕದ ಗೋಡೆಯ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ ನೋಡಿ. ಅಮೆರಿಕದ ಪದ್ಧತಿಯ ಟ್ರೇಲರ್‌ಗಳಲ್ಲಿ ‘ಎಸ್‌ಟಿ 205/75 ಆರ್ 15’ ಎಂಬಂಥ ಬರಹ ಕಾಣುತ್ತದೆ. ‘ಎಸ್‌ಟಿ’ ಅಂದರೆ ಟ್ರೇಲರ್‌ಗೆಂದೇ ಮಾಡಿದ್ದು, 205 ಮಿಲಿಮೀಟರ್ ಅಗಲ, ಸೈಡ್‌ವಾಲ್‌ನ ಎತ್ತರ ಆ ಅಗಲದ ಶೇ 75ರಷ್ಟು, ‘ಆರ್’ ಅಂದರೆ ರೇಡಿಯಲ್ (ಒಳಗಿನ ಎಳೆಗಳು ಅಂಚಿನಿಂದ ಅಂಚಿಗೆ ನೇರವಾಗಿರುವ ಬಗೆ), 15 ಇಂಚಿನ ರಿಮ್. ಅದರ ಹತ್ತಿರವೇ ಸಿ, ಡಿ ಅಥವಾ ಇ ಎಂಬ ಲೋಡ್ ರೇಂಜ್ ಅಕ್ಷರ ಇರುತ್ತದೆ. ಈ ಅಳತೆಗಳಲ್ಲಿ ಸಿ ಟೈರ್‌ಗೆ 50, ಡಿ ಟೈರ್‌ಗೆ 65, ಇ ಟೈರ್‌ಗೆ 80 ಪಿಎಸ್‌ಐ ಗರಿಷ್ಠ ಗಾಳಿ. ಹೊರುವ ಶಕ್ತಿಯೂ ಅದೇ ಕ್ರಮದಲ್ಲಿ ಏರುತ್ತದೆ.

ಒಂದು ಉದಾಹರಣೆ. ನಾಲ್ಕು ಚಕ್ರದ ಮೇಲೆ ಒಟ್ಟು 3,200 ಕಿಲೋ ಬಂತು ಎಂದಿಟ್ಟುಕೊಳ್ಳಿ, ಸರಾಸರಿ 800. ಮೇಲಿನ ಅಳತೆಯ ಸಿ ಟೈರ್ ಸುಮಾರು 825 ಕಿಲೋ ಹೊರುತ್ತದೆ, ಸಾಕಲ್ಲ ಅನ್ನಿಸುತ್ತದೆ. ಆದರೆ ಫ್ರಿಜ್ ಇರುವ ಮೂಲೆಯಲ್ಲಿ 960 ಕಿಲೋ ಇದ್ದರೆ ಆ ಒಂದು ಟೈರ್ ಮನೆ ಬಿಟ್ಟ ಗಳಿಗೆಯಿಂದಲೇ ಅತಿಭಾರದಲ್ಲಿ ಓಡುತ್ತಿರುತ್ತದೆ. ಅದೇ ಅಳತೆಯ ಡಿ ಟೈರ್‌ನ ಮಿತಿ ಸುಮಾರು 975. ಲೆಕ್ಕಕ್ಕೆ ಹೊಂದಿತು, ಆದರೆ ಉಸಿರಾಡಲು ಜಾಗವಿಲ್ಲ. 225/75 ಅಳತೆಯ ಡಿ ಟೈರ್ ಸುಮಾರು 1,150 ಕಿಲೋ ಹೊರುತ್ತದೆ. ಹೀಗೆ ಮಿತಿಗಿಂತ ಶೇ 15ರಿಂದ 20ರಷ್ಟು ಕೆಳಗೇ ಭಾರ ಇರುವಂತೆ ಆರಿಸಿ. ತಿರುವಿನಲ್ಲಿ, ಗುಂಡಿಯಲ್ಲಿ, ಅಡ್ಡಗಾಳಿಯಲ್ಲಿ ಒಂದು ಚಕ್ರದ ಮೇಲೆ ಬೀಳುವ ಭಾರ ನಿಂತಾಗಿನ ತೂಕಕ್ಕಿಂತ ಹೆಚ್ಚು.

ಎಸ್‌ಟಿ ಬರಹವಿಲ್ಲದ ಕಡೆಗಳಲ್ಲಿ ವ್ಯಾನುಗಳ ಟೈರ್‌ಗಳೇ ಟ್ರೇಲರ್‌ಗೂ ಬರುತ್ತವೆ. ಅಲ್ಲಿ ಅಳತೆಯ ನಂತರ ಬರುವ ಲೋಡ್ ಇಂಡೆಕ್ಸ್ ಸಂಖ್ಯೆ ನೋಡಿ: 100 ಅಂದರೆ 800 ಕಿಲೋ, 108 ಅಂದರೆ 1,000, 113 ಅಂದರೆ 1,150. ಅದರ ಬೆನ್ನಿಗಿರುವ ಅಕ್ಷರ ವೇಗದ ಮಿತಿ. ಎಲ್ ಗಂಟೆಗೆ 120, ಎಂ 130, ಎನ್ 140 ಕಿಲೋಮೀಟರ್. ವೇಗದ ಅಕ್ಷರವೇ ಇಲ್ಲದ ಹಳೆಯ ಎಸ್‌ಟಿ ಟೈರ್‌ಗಳನ್ನು ಗಂಟೆಗೆ ಸುಮಾರು 105 ಕಿಲೋಮೀಟರ್‌ಗೆಂದು ಮಾಡಲಾಗಿತ್ತು, ಅದನ್ನು ಮರೆತು ಓಡಿಸಿದ್ದೇ ಹಲವು ಟೈರ್‌ಗಳ ಸಾವಿಗೆ ಕಾರಣ. ಹೆಚ್ಚಿನ ವೇಗದ ಅಕ್ಷರವಿರುವ ಟೈರ್ ಕೊಳ್ಳಿ, ವೇಗ ಮಾತ್ರ ಹೆಚ್ಚಿಸಬೇಡಿ. ಆ ಅಂತರ ಟೈರ್‌ಗೆ ಬಿಸಿ ತಡೆಯಲು ಬೇಕು.

ಕಾರಿನ ಟೈರ್ ಹಾಕಬಹುದೇ? ದೊಡ್ಡ ಟ್ರೇಲರ್‌ಗೆ ಬೇಡ. ಅಮೆರಿಕದ ನಿಯಮದಂತೆ ಕಾರಿನ ಟೈರನ್ನು ಟ್ರೇಲರ್‌ಗೆ ಹಾಕಿದರೆ ಅದರ ಭಾರದ ಮಿತಿಯನ್ನು 1.1ರಿಂದ ಭಾಗಿಸಬೇಕು. 850 ಕಿಲೋ ಎಂದು ಬರೆದಿದ್ದರೆ 770ರಷ್ಟೇ ಎಂದು ತಿಳಿಯಬೇಕು. ಜೊತೆಗೆ ಅದರ ಸೈಡ್‌ವಾಲ್ ಮೆದು. ಎರಡು ಆಕ್ಸಲ್‌ನ ಟ್ರೇಲರ್ ಬಿಗಿಯಾಗಿ ತಿರುಗುವಾಗ ಟೈರ್‌ಗಳು ಉರುಳುವುದಿಲ್ಲ, ಅಡ್ಡಡ್ಡ ಉಜ್ಜಿಕೊಂಡು ಜರುಗುತ್ತವೆ. ನಿಧಾನವಾಗಿ ಹಿಂದಕ್ಕೆ ತಿರುಗಿಸುವಾಗ ಹೊರಗೆ ನಿಂತು ನೋಡಿ, ರಿಮ್ ಒಂದು ಕಡೆ, ತಳ ಇನ್ನೊಂದು ಕಡೆ ಬಾಗಿರುವುದು ಕಣ್ಣಿಗೇ ಕಾಣುತ್ತದೆ. ಗಟ್ಟಿ ಸೈಡ್‌ವಾಲ್ ಬೇಕಾಗಿರುವುದು ಇದಕ್ಕೇ.

ರಿಮ್ ಮತ್ತು ವಾಲ್ವ್ ತಡೆಯಬಲ್ಲವೇ?

ಡಿ ಬಿಟ್ಟು ಇ ಟೈರ್ ಹಾಕಿಸುವವರು ಇಲ್ಲಿ ಎಡವುತ್ತಾರೆ. 80 ಪಿಎಸ್‌ಐ ಗಾಳಿಯನ್ನು ಟೈರ್ ತಡೆಯಬಹುದು, ಹಳೆಯ ರಿಮ್ ತಡೆಯದೇ ಇರಬಹುದು. ರಿಮ್‌ನ ಮೇಲೆ, ಬಹುತೇಕ ಹಿಂಬದಿಯಲ್ಲಿ, ಅದರ ಗರಿಷ್ಠ ಭಾರ ಅಥವಾ ಒತ್ತಡ ಒತ್ತಿರುತ್ತಾರೆ. ಸಾಮಾನ್ಯ ರಬ್ಬರ್ ವಾಲ್ವ್‌ನ ಮಿತಿ 65 ಪಿಎಸ್‌ಐ. ಅದಕ್ಕಿಂತ ಮೇಲಿದ್ದರೆ ನಟ್ ಬಿಗಿಯುವ ಲೋಹದ ವಾಲ್ವ್ ಹಾಕಿಸಿ. ಹೊಸ ಟೈರ್ ಜೊತೆ ಹಳೆಯ ವಾಲ್ವ್ ಉಳಿಸುವುದು ಶುದ್ಧ ಅವಿವೇಕ.

ಮೊದಲಿಗಿಂತ ಅಗಲದ ಟೈರ್‌ಗೆ ಹೋಗುವುದಾದರೆ ರಿಮ್‌ನ ಅಗಲ ಹೊಂದಬೇಕು, ಎರಡು ಟೈರ್‌ಗಳ ನಡುವೆ, ಮಡ್‌ಗಾರ್ಡ್ ಕೆಳಗೆ ಜಾಗ ಇರಬೇಕು. ಸ್ಪ್ರಿಂಗ್ ಪೂರ್ತಿ ಕುಗ್ಗಿದಾಗಲೂ ತಾಗಕೂಡದು.

ಹುಟ್ಟಿದ ವಾರ ನೋಡಿ

ಡಿಒಟಿ (ಅಮೆರಿಕದ ಸಾರಿಗೆ ಇಲಾಖೆಯ ಗುರುತು) ಅಕ್ಷರಗಳಿಂದ ಆರಂಭವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷ. 3523 ಅಂದರೆ 2023ರ 35ನೇ ವಾರ. ಪೂರ್ತಿ ಸಾಲು ಟೈರ್‌ನ ಒಂದೇ ಬದಿಯಲ್ಲಿ ಇರಬಹುದು, ಹೊರಗೆ ಕಾಣದಿದ್ದರೆ ಒಳಬದಿಗೆ ಟಾರ್ಚ್ ಹಿಡಿದು ನೋಡಿ. ಮೂರೇ ಅಂಕಿ ಇದ್ದರೆ ಅದು 2000ಕ್ಕೂ ಹಿಂದಿನದು, ಮುಟ್ಟಲೇಬೇಡಿ. ಟೈರ್ ಫಿಟ್ ಮಾಡುವ ಮೊದಲೇ ಅಂಗಡಿಯವರಿಗೆ ಹೇಳಿ ಎಲ್ಲ ಟೈರ್‌ಗಳ ದಿನಾಂಕ ಓದಿಕೊಳ್ಳಿ. ವರ್ಷಗಟ್ಟಲೆ ಗೋದಾಮಿನಲ್ಲಿದ್ದ ಟೈರ್‌ಗೆ ಹೊಸದರ ಬೆಲೆ ಕೊಡಬೇಕಾಗಿಲ್ಲ. ಐದು ವರ್ಷ ದಾಟಿದ ಟ್ರೇಲರ್ ಟೈರನ್ನು ಗ್ರಿಪ್ ಎಷ್ಟಿದ್ದರೂ ಬದಲಿಸುವ ಯೋಚನೆ ಮಾಡಿ. ಏಳು ದಾಟಿದ್ದರೆ ಅದರ ಮೇಲೆ ಮಕ್ಕಳು ಮರಿ ಕಟ್ಟಿಕೊಂಡು ಹೊರಡುವುದು ಬೇಡವೇ ಬೇಡ.

ಹಳೆಯ ಟೈರ್ ಎಸೆಯುವ ಮುನ್ನ ಅದನ್ನೂ ಒಮ್ಮೆ ನೋಡಿ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ ಇತ್ತು ಅಥವಾ ಭಾರ ಹೆಚ್ಚಿತ್ತು. ಒಂದೇ ಅಂಚು ಸವೆದಿದ್ದರೆ ಆಕ್ಸಲ್ ಬಾಗಿರಬಹುದು, ಹಾಗಿದ್ದಲ್ಲಿ ಹೊಸ ಟೈರ್‌ಗೂ ಅದೇ ಗತಿ. ಇನ್ನೂ ಚೆನ್ನಾಗಿದೆ ಅನ್ನಿಸುವ ಟೈರ್ ಇದ್ದರೆ ತಯಾರಕರು ಹೇಳಿದ ಜಾಗಕ್ಕೇ ಜಾಕ್ ಕೊಟ್ಟು ಚಕ್ರ ಎತ್ತಿ. ಟೈರ್ ಮೇಲ್ಮೈಯಿಂದ ಒಂದು ಬೆರಳಷ್ಟು ದೂರದಲ್ಲಿ ಸೀಮೆಸುಣ್ಣದ ತುಂಡು ಅಲುಗದಂತೆ ಹಿಡಿದು ಕೈಯಿಂದ ಚಕ್ರ ತಿರುಗಿಸಿ. ಆ ಸಂದು ಒಂದು ಕಡೆ ಕಿರಿದಾಗಿ ಮತ್ತೆ ಅಗಲವಾಗುತ್ತಿದ್ದರೆ ಒಳಗಿನ ಪದರ ಬಿಟ್ಟು ರಬ್ಬರ್ ಉಬ್ಬಿರುವ ಅನುಮಾನವಿದೆ. ಅಂಥ ಟೈರ್ ರಸ್ತೆಗೆ ಇಳಿಯಬಾರದು.

ಫಿಟ್ ಮಾಡಿಸಿದ ಮೇಲೆ

ಒಂದೇ ಆಕ್ಸಲ್‌ಗೆ ರೇಡಿಯಲ್ ಒಂದು, ಬಯಾಸ್ (ಒಳಗಿನ ಎಳೆಗಳು ಓರೆಯಾಗಿರುವ ಬಗೆ) ಒಂದು ಹಾಕಿಸಬೇಡಿ. ಬ್ಯಾಲೆನ್ಸಿಂಗ್ ಮಾಡಿಸಿ. ಚಕ್ರ ಬಿಚ್ಚಿರುವಾಗಲೇ ಬೇರಿಂಗ್ ಗ್ರೀಸ್ ಕೂಡ ನೋಡಿಸಿ.

ಗಾಳಿಯ ವಿಷಯದಲ್ಲಿ ಕಾರಿನ ಅಭ್ಯಾಸ ಇಲ್ಲಿ ನಡೆಯದು. ಮೆತ್ತಗೆ ಓಡಲಿ ಎಂದು ಕಡಿಮೆ ಗಾಳಿ ಹಾಕಿದರೆ ಕೊಟ್ಟ ಹಣವೇ ವ್ಯರ್ಥ. 225/75 ಅಳತೆಯ ಇ ಟೈರ್ 80 ಪಿಎಸ್‌ಐನಲ್ಲಿ ಸುಮಾರು 1,285 ಕಿಲೋ ಹೊರುತ್ತದೆ. ಅದೇ ಟೈರ್‌ಗೆ 50 ಹಾಕಿದರೆ 975ಕ್ಕೆ ಇಳಿಯುತ್ತದೆ, ಅಂದರೆ ದುಡ್ಡು ಇ ಟೈರ್‌ಗೆ, ಕೆಲಸ ಸಿ ಟೈರ್‌ನದು. ಎಸ್‌ಟಿ ಟೈರ್‌ಗೆ ಸೈಡ್‌ವಾಲ್ ಮೇಲೆ ಬರೆದಷ್ಟೂ ಗಾಳಿ ಹಾಕುವುದು ರೂಢಿ, ರಿಮ್ ಮತ್ತು ವಾಲ್ವ್‌ನ ಮಿತಿ ಮೀರಬಾರದು ಅಷ್ಟೆ. ಬೆಳಿಗ್ಗೆ, ಗಾಡಿ ಅಲುಗಿಸುವ ಮುನ್ನ, ಟೈರ್ ತಣ್ಣಗಿರುವಾಗ ನೋಡಿ. ದಾರಿಯಲ್ಲಿ ಬಿಸಿಯಾಗಿ ಒತ್ತಡ ಏರುವುದು ಸಹಜ, ಏರಿತೆಂದು ಗಾಳಿ ಬಿಡಬೇಡಿ. ಗಾಳಿ ಕಡಿಮೆಯಾದಷ್ಟೂ ಟೈರ್ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಕಾಯುತ್ತದೆ, ಕಾದಷ್ಟೂ ಪದರಗಳ ಹಿಡಿತ ಸಡಿಲವಾಗುತ್ತದೆ.

ಖರ್ಚು ಮಾಡುವ ಮನಸ್ಸಿದ್ದರೆ ಪ್ರತಿ ಚಕ್ರದ ಒತ್ತಡ, ತಾಪಮಾನವನ್ನು ಡ್ರೈವರ್ ಮುಂದಿನ ಪುಟ್ಟ ಪರದೆಗೆ ಕಳಿಸುವ ಸೆನ್ಸರ್‌ಗಳು ಸಿಗುತ್ತವೆ. ಹಿಂದಿನ ಚಕ್ರದಲ್ಲಿ ಏನಾಗುತ್ತಿದೆ ಎಂದು ಮುಂದೆ ಕೂತವರಿಗೆ ತಿಳಿಸುವ ಬೇರೆ ದಾರಿ ನನಗೆ ಕಾಣುವುದಿಲ್ಲ. ನನ್ನನ್ನು ಕೇಳಿದರೆ ಟೈರ್ ಜೊತೆಗೇ ಅದನ್ನೂ ಕೊಳ್ಳಿ.

ಚಕ್ರದ ನಟ್‌ಗಳನ್ನು ಟ್ರೇಲರ್ ಕೈಪಿಡಿಯಲ್ಲಿ ಹೇಳಿದಷ್ಟೇ ಬಲಕ್ಕೆ, ಟಾರ್ಕ್ ಸ್ಪ್ಯಾನರ್‌ನಿಂದ ಬಿಗಿಸಿ. ಹೊಸದಾಗಿ ಕೂರಿಸಿದ ಚಕ್ರ ಓಡುತ್ತ ಓಡುತ್ತ ಒಳಕ್ಕೆ ಕೂರುತ್ತದೆ, ನಟ್ ಸಡಿಲವಾಗುತ್ತದೆ. ಮೊದಲ 80 ಕಿಲೋಮೀಟರ್ ಒಳಗೆ ಒಮ್ಮೆ ನಿಲ್ಲಿಸಿ ಮತ್ತೆ ಬಿಗಿಸಿ, ಇನ್ನಷ್ಟು ದೂರ ಹೋದ ಮೇಲೆ ಇನ್ನೊಮ್ಮೆ. ಗಾಡಿ ನಿಲ್ಲಿಸಿಟ್ಟ ತಿಂಗಳುಗಳಲ್ಲಿ ಚಕ್ರಗಳಿಗೆ ಬಿಸಿಲು ಬೀಳದಂತೆ ಹೊದಿಕೆ ಹಾಕಿ.

ಸ್ಟೆಪ್ನಿಯನ್ನು ಎಲ್ಲರೂ ಕೊನೆಗೆ ನೆನೆಯುತ್ತಾರೆ. ನಾಲ್ಕೂ ಟೈರ್ ಬದಲಿಸುವ ದಿನ ಅದರ ತಯಾರಿಕೆಯ ವಾರವನ್ನೂ ಓದಿ, ಲೋಡ್ ರೇಂಜ್ ಹೊಸವುಗಳಿಗೆ ಸಮನಾಗಿದೆಯೇ ನೋಡಿ. ಇಲ್ಲವಾದರೆ ಐದನೆಯದನ್ನೂ ಅದೇ ದಿನ ಕೊಂಡು, ಪೂರ್ತಿ ಗಾಳಿ ಹಾಕಿಸಿಯೇ ಮನೆಗೆ ತನ್ನಿ.